ಹುಟ್ಟಕ್ಕನ ದೋಣಿ, ದೊಡ್ಡಮ್ಮನ ಸೂರು

ದೋಣಿಯ ಹುಟ್ಟನ್ನು ಕೈಯಿಂದ ಕೆಳಗಿಡದ ಹೆಂಗಸಿಗೆ ಜನ ಹುಟ್ಟಕ್ಕ ಎಂದಲ್ಲದೆ ಇನ್ನೇನು ಹೆಸರಿಟ್ಟಾರು? ಹಳದಿ ಬಣ್ಣದ ಆ ಹುಟ್ಟು ಅವಳ ಜೊತೆ ಬಸ್ಸು ಹತ್ತುತ್ತಿತ್ತು, ತರಕಾರಿ ಅಂಗಡಿಗೆ ಬರುತ್ತಿತ್ತು, ಮಕ್ಕಳ ಶಾಲೆಯಲ್ಲಿ ಪೋಷಕರ ಸಭೆ ನಡೆದರೆ ಗೋಡೆಗೆ ಒರಗಿ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿತ್ತು. ಅವಳು ಹೋಟೆಲೊಂದರ ದೋಣಿ ಪ್ರವಾಸದ ಗೈಡು; ಹುಟ್ಟನ್ನು ದೋಣಿ ಶೆಡ್ಡಿನಲ್ಲಿ ಬಿಟ್ಟು ಬಂದರೆ ಬೇರೆ ಗೈಡುಗಳು ಎತ್ತಿಕೊಳ್ಳುತ್ತಾರೆ, ತನ್ನ ಕೈಗೆ ಪಳಗಿದ ಹಿಡಿ ಕೆಟ್ಟುಹೋಗುತ್ತದೆ ಎನ್ನುವುದು ಅವಳ ವಾದ. ಬಸ್ಸಿನ ಕಂಡಕ್ಟರು, "ಹುಟ್ಟಕ್ಕಾ, ಇದಕ್ಕೂ ಒಂದು ಟಿಕೆಟ್ ಹರೀಲಾ?" ಎಂದು ದಿನಾ ಕೇಳುತ್ತಿದ್ದ. "ಹರಿಯಪ್ಪಾ, ಆದ್ರೆ ಕಿಟಕಿ ಪಕ್ಕದ ಸೀಟೇ ಕೊಡಿಸ್ಬೇಕು" ಎಂದು ಇವಳೂ ದಿನಾ ಹೇಳುತ್ತಿದ್ದಳು.

ಅವಳು ಹುಟ್ಟಿದ್ದು ನದಿಯ ಮೇಲ್ಭಾಗದ ದಡದಲ್ಲಿ. ಪೇಟೆ, ಸೇತುವೆ, ಹೋಟೆಲು ಯಾವುದೂ ಇಲ್ಲದ ಕಾಲದಿಂದ ಆ ನೀರನ್ನೇ ನಂಬಿಕೊಂಡು ಬಾಳಿದ ಜನ ಅವಳವರು. ಅವರಿಗೆ ಅವರದೇ ಭಾಷೆ, ನದಿಯ ಪ್ರತಿ ತಿರುವಿಗೂ ಅವರಿಟ್ಟ ಹೆಸರು. ಇವಳು ಚಿಕ್ಕವಳಿದ್ದಾಗಲೇ ಅಪ್ಪನಿಗೆ ಪೇಟೆಯ ಹೋಟೆಲಿನ ಲಾಂಡ್ರಿಯಲ್ಲಿ ಕೆಲಸ ಸಿಕ್ಕಿ, ಸಂಸಾರ ಒಂದು ಕೋಣೆಯ ಬಾಡಿಗೆ ಮನೆಗೆ ಬಂತು. ಶಾಲೆಯಲ್ಲಿ ಇವಳು ಬಾಯಿ ತೆರೆದರೆ ಸಾಕು, ಹುಡುಗಿಯರು ಕಿಸಕ್ಕೆಂದು ನಗುತ್ತಿದ್ದರು. ಮುಂದಿನ ತರಗತಿಗೆ ಹೋಗುವಷ್ಟರಲ್ಲಿ ಅವಳ ನಾಲಿಗೆಯಿಂದ ನದಿಯ ಮಾತು ಅಳಿಸಿಯೇ ಹೋಗಿತ್ತು. ಅಮ್ಮನ ಅಕ್ಕ, ದೊಡ್ಡಮ್ಮ, ಒಮ್ಮೆ ಬುಟ್ಟಿ ತುಂಬ ಮೀನು ಹೊತ್ತು ಪೇಟೆಗೆ ಬಂದವಳು ತಮ್ಮ ಭಾಷೆಯಲ್ಲಿ ಏನೋ ಕೇಳಿದಾಗ ಇವಳು ಪೇಟೆಯ ಭಾಷೆಯಲ್ಲಿ ಉತ್ತರ ಕೊಟ್ಟಳು. ದೊಡ್ಡಮ್ಮ ಅವಳ ಮುಖವನ್ನೇ ಒಂದು ಗಳಿಗೆ ನೋಡಿ, ತಾನೂ ಪೇಟೆಯ ಭಾಷೆಗೇ ತಿರುಗಿದಳು. ಜಗಳವಿಲ್ಲ, ಮುನಿಸಿಲ್ಲ. ಆದರೆ ಅಲ್ಲಿಂದಾಚೆಗೆ ಅವರಿಬ್ಬರ ನಡುವೆ ನಡೆದದ್ದೆಲ್ಲ ಪೇಟೆಯ ಮಾತೇ.

ದೊಡ್ಡವಳಾದ ಮೇಲೆ ಅವಳೂ ಅದೇ ಲಾಂಡ್ರಿ ಸೇರಿದಳು. ಬಸ್ ಡಿಪೋದ ಮೆಕ್ಯಾನಿಕ್ ಒಬ್ಬನನ್ನು ಮದುವೆಯಾದಳು, ಎರಡು ಹೆಣ್ಣುಮಕ್ಕಳಾದವು. ಹೋಟೆಲಿನವರು ನದಿಯಲ್ಲಿ ದೋಣಿ ಪ್ರವಾಸ ಶುರುಮಾಡಿದಾಗ ಅವಳು ತಾರಸಿಯ ಮೇಲೆ ಬೆಡ್‌ಶೀಟು ಒಣಹಾಕುತ್ತಿದ್ದಳು. ಕೆಳಗೆ ಮ್ಯಾನೇಜರು ತಾನೇ ಮುಂದೆ ನಿಂತು ಅತಿಥಿಗಳ ಮೊದಲ ತಂಡವನ್ನು ಕರೆದೊಯ್ಯುತ್ತಿದ್ದ. ಹಸಿರು ನೀರಿನ ನಡುವೆ ತಿಳಿಬಣ್ಣದ ಪಟ್ಟಿಯೊಂದು ಇವಳ ಕಣ್ಣಿಗೆ ಬಿತ್ತು. "ಎಡಕ್ಕೆ! ಎಡಕ್ಕೆ! ಅಲ್ಲಿ ಮರಳಿದೆ!" ಎಂದು ತಾರಸಿಯಿಂದಲೇ ಅರಚಿದಳು. ಲಾಂಡ್ರಿಯವಳ ಮಾತು ಯಾರು ಕೇಳುತ್ತಾರೆ? ದೋಣಿಗಳು ಒಂದರ ಹಿಂದೊಂದು ಹೋಗಿ ಮರಳಿಗೆ ಕಚ್ಚಿಕೊಂಡವು. ಮ್ಯಾನೇಜರು ಪ್ಯಾಂಟು ಮಡಚಿ, ಅತಿಥಿಗಳ ಸಮೇತ ದೋಣಿ ತಳ್ಳಿ ತಳ್ಳಿ ಸುಸ್ತಾದ. ಮರುದಿನ ಅವಳನ್ನು ಕರೆಸಿ, "ನಿನಗೆ ನೀರು ಓದೋಕೆ ಬರುತ್ತಲ್ಲಾ, ಇಸ್ತ್ರಿ ಪೆಟ್ಟಿಗೆ ಮುಂದೆ ಏನು ಮಾಡ್ತಿದೀಯ?" ಎಂದ.

ಗಂಡನಿಗೆ ಮಾತ್ರ ಇದು ಸುತರಾಂ ಇಷ್ಟವಿರಲಿಲ್ಲ. ಬಕೆಟ್ಟಿಗಿಂತ ದೊಡ್ಡ ನೀರು ಕಂಡರೆ ಹಿಂದೆ ಸರಿಯುವ ಆಸಾಮಿ ಅವನು. "ನೀರಲ್ಲಿ ಬ್ರೇಕ್ ಇರಲ್ಲ ಕಣೇ" ಎಂದ. "ಮಾತಲ್ಲೂ ಇರಲ್ಲ. ನಿಮ್ಮ ಜೊತೆ ಇಷ್ಟು ವರ್ಷ ಸಂಸಾರ ಮಾಡಿಲ್ವಾ?" ಎಂದು ಇವಳು ಹೊರಟೇಬಿಟ್ಟಳು.

ಗೈಡಿನ ಕೆಲಸದಲ್ಲಿ ಅವಳಿಗೆ ಬೇಗ ಹೆಸರು ಬಂತು. ಮಿಂಚುಳ್ಳಿ ಯಾವ ಕೊಂಬೆಯಲ್ಲಿ ಕೂರುತ್ತದೆ, ಆಮೆಗಳು ಯಾವ ಬಂಡೆಯ ಮೇಲೆ ಬಿಸಿಲು ಕಾಯಿಸುತ್ತವೆ, ಎಲ್ಲಿ ಮಾತು ನಿಲ್ಲಿಸಿ ಸುಮ್ಮನೆ ತೇಲಬೇಕು, ಎಲ್ಲ ಅವಳಿಗೆ ಗೊತ್ತು. ಅದಕ್ಕಿಂತ ಹೆಚ್ಚಾಗಿ, ಇಬ್ಬರು ಕೂರುವ ದೋಣಿಯಲ್ಲಿ ಯಾರ ಜೊತೆ ಯಾರನ್ನು ಕೂರಿಸಬೇಕು ಎನ್ನುವುದು ಅವಳಿಗೆ ಮುಖ ನೋಡಿದರೇ ತಿಳಿಯುತ್ತಿತ್ತು. ಗಂಡ ಹೆಂಡತಿಯನ್ನು ಒಂದೇ ದೋಣಿಯಲ್ಲಿ ಕೂರಿಸಬಾರದು ಎನ್ನುವುದು ಅವಳ ಮೊದಲ ನಿಯಮ. "ದಡದ ಮೇಲಿನ ಜಗಳ ದಡದ ಮೇಲೇ ಮುಗೀಲಿ" ಎನ್ನುತ್ತಿದ್ದಳು.

ಒಂದೇ ಒಂದು ಪ್ರಶ್ನೆ ಬಂದರೆ ಮಾತ್ರ ಅವಳ ಬಾಯಿ ಕಟ್ಟುತ್ತಿತ್ತು. "ನೀವು ಇಲ್ಲಿನ ಮೂಲದವರಂತೆ, ನಿಮ್ಮ ಜನದ ಬಗ್ಗೆ ಹೇಳಿ" ಎಂದು ಯಾರಾದರೂ ಕೇಳಿದರೆ ಅಮ್ಮನಿಂದ ಕೇಳಿದ ಎರಡು ಮಾತು ಹೇಳಿ, "ಅಗೋ, ನೀರುಕಾಗೆ!" ಎಂದು ಬೆರಳು ತೋರಿಸಿ ಜಾರಿಕೊಳ್ಳುತ್ತಿದ್ದಳು. ಅಲ್ಲಿ ನೀರುಕಾಗೆ ಇಲ್ಲದಿದ್ದರೂ ಎಲ್ಲರೂ ಆ ಕಡೆ ನೋಡುತ್ತಿದ್ದರು.

ಹೀಗಿರುವಾಗ ಮ್ಯಾನೇಜರಿಗೆ ಹೊಸ ಹುರುಪು ಬಂತು. ಹೋಟೆಲಿನ ಮುಂದಿನ ಬೋರ್ಡಿನಲ್ಲಿ 'ನದಿ ಪ್ರವಾಸ' ಎಂದಿದ್ದದ್ದರ ಕೆಳಗೆ 'ಪ್ರಕೃತಿ ಮತ್ತು ಮೂಲ ಸಂಸ್ಕೃತಿ ದರ್ಶನ' ಎಂದು ದೊಡ್ಡ ಅಕ್ಷರದಲ್ಲಿ ಬರೆಸಿದ.

"ಬೋರ್ಡಂತೂ ಆಯ್ತು" ಎಂದ ಇವಳಿಗೆ. "ಪ್ರಕೃತಿ ಅಲ್ಲೇ ಇದೆ. ಸಂಸ್ಕೃತಿ ವ್ಯವಸ್ಥೆ ನೀನು ಮಾಡು."

"ಸಂಸ್ಕೃತೀನ ಎಲ್ಲಿಂದ ತರಲಿ ಸಾರ್?"

"ನಿಮ್ಮ ದೊಡ್ಡಮ್ಮ ಮೇಲ್ಗಡೆ ದಡದಲ್ಲಿದಾರಲ್ಲಾ. ಹಳೇ ಕಾಲದ ಬಟ್ಟೆ ಹಾಕ್ಕೊಂಡು ಮನೆ ಮುಂದೆ ಕೂತಿದ್ರೆ ಸಾಕು. ನಾವು ಹೋಗಿ ನೋಡ್ಕೊಂಡು, ಎರಡು ಮಾತು ಕೇಳ್ಕೊಂಡು ಬರೋದು."

ಅವಳಿಗೆ ಇದು ಸರಿಬರಲಿಲ್ಲ. ಆದರೂ ರಜೆಯ ದಿನ ನೋಡಿ ದೊಡ್ಡಮ್ಮನ ದಡಕ್ಕೆ ಹೋದಳು. ದೊಡ್ಡಮ್ಮ ಕುಡುಗೋಲು ಹಿಡಿದು ಜೊಂಡು ಕೊಯ್ಯುತ್ತಿದ್ದಳು. ಮನೆಯ ಸೂರಿನ ಹಳೇ ಜೊಂಡನ್ನು ಕಿತ್ತುಹಾಕಿ ಆಗಿತ್ತು. ಅಸ್ಥಿಪಂಜರದ ಹಾಗೆ ಬರೀ ಗಳಗಳು ಕಾಣುತ್ತಿದ್ದವು. ಹೊಸ ಹೊದಿಕೆ ಇನ್ನೂ ಶುರುವಾಗಿರಲಿಲ್ಲ. ಸುತ್ತಲಿನ ನಾಲ್ಕಾರು ಮನೆಯವರು ಸೂರಿಗೆ ತಗಡು ಹಾಕಿಸಿಕೊಂಡಿದ್ದರು. ದೊಡ್ಡಮ್ಮ ಒಪ್ಪಿರಲಿಲ್ಲ. ತಗಡಿನ ಕೆಳಗೆ ಮಲಗಿದರೆ ಬಾಣಲೆಯಲ್ಲಿ ಮಲಗಿದ ಹಾಗಾಗುತ್ತದೆ ಎನ್ನುತ್ತಿದ್ದಳು.

ಇವಳು ಬಂದ ವಿಷಯವನ್ನು ಸುತ್ತಿ ಬಳಸಿ ಹೇಳಿ ಮುಗಿಸುವಷ್ಟರಲ್ಲಿ ದೊಡ್ಡಮ್ಮನ ಕುಡುಗೋಲು ನಿಂತಿತ್ತು.

"ನಾನೇನು ಬಟ್ಟೆ ಅಂಗಡಿ ಬೊಂಬೇನಾ, ಉಡಿಸಿ ನಿಲ್ಸೋಕೆ?"

"ಹಂಗಲ್ಲ ದೊಡ್ಡಮ್ಮಾ..."

"ಮತ್ತೆ ಹೆಂಗೆ? ಅವರು ನನ್ನ ಬಾಯಿ ನೋಡ್ತಾ ಕೂತ್ರೆ ನನ್ನ ಕೆಲಸ ಯಾರು ಮಾಡ್ತಾರೆ? ನಿನ್ನ ಮ್ಯಾನೇಜರ್ ಬಂದು ಸೂರು ಹೊದಿಸ್ತಾನಾ? ಆ ಬಣ್ಣಬಣ್ಣದ ದೋಣಿಗಳು ನನ್ನ ದಡ ಮುಟ್ಟಬಾರದು, ಹೇಳಿದೀನಿ." ಅಷ್ಟು ಹೇಳಿ, ಹೊರಟ ತಂಗಿ ಮಗಳ ಕೈಗೆ ಒಂದು ಚೀಲ ಗೆಣಸು ಕೊಟ್ಟಳು. ಸಿಟ್ಟು ಬೇರೆ, ಗೆಣಸು ಬೇರೆ.

"ದೊಡ್ಡಮ್ಮಂಗೆ ಈಗ ಪುರುಸೊತ್ತಿಲ್ಲ ಸಾರ್" ಎಂದು ಇವಳು ಮ್ಯಾನೇಜರಿಗೆ ತಿಳಿಸಿದಳು. ಅವನು ಬೋರ್ಡಿನ ಕಡೆ ನೋಡಿ ನಿಟ್ಟುಸಿರು ಬಿಟ್ಟ.

ಮುಂದಿನ ಪ್ರವಾಸಕ್ಕೆ ಬಂದವರು ಐದೇ ಜನ. ನಿವೃತ್ತರಾದ ಲೆಕ್ಕದ ಮೇಷ್ಟ್ರು, ಅವರ ಹೆಂಡತಿ, ಬೇಕರಿ ನಡೆಸುವ ಅಕ್ಕತಂಗಿಯರು, ಮತ್ತು ಮಾತೇ ಆಡದ ಒಬ್ಬ ಹಲ್ಲಿನ ಡಾಕ್ಟರು. ದಿನವಿಡೀ ಬಾಯಿ ತೆರೆದವರ ಮುಂದೆ ಕೂತು ಕೂತು ಈ ಮನುಷ್ಯನಿಗೆ ತನ್ನ ಬಾಯಿ ತೆರೆಯುವುದೇ ಮರೆತುಹೋಗಿರಬೇಕು ಎಂದುಕೊಂಡಳು ಹುಟ್ಟಕ್ಕ. ಅವನನ್ನು ತನ್ನ ದೋಣಿಯ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡಳು. ಅಕ್ಕತಂಗಿಯರು ಒಂದು ದೋಣಿ. ಮೇಷ್ಟ್ರಿಗೂ ಅವರ ಹೆಂಡತಿಗೂ ಬೇರೆ ಬೇರೆ ಜೊತೆ ಹುಡುಕೋಣವೆಂದರೆ ಆಯಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತರು.

"ಅಲ್ಲಮ್ಮಾ, ಇಷ್ಟು ವರ್ಷ ಒಂದು ಮನೆ ನಡೆಸಿದೀವಿ, ಒಂದು ದೋಣಿ ನಡೆಸೋಕಾಗಲ್ವಾ?"

"ಮನೆ ಅಲ್ಲಾಡಲ್ಲ ಅಮ್ಮಾವ್ರೇ" ಎಂದಳು ಹುಟ್ಟಕ್ಕ. ಆದರೂ ಬಂದವರ ಮಾತು ಮೀರುವ ಹಾಗಿಲ್ಲ. ಊಟದ ಚೀಲವನ್ನು ಅವರ ದೋಣಿಯ ನಡುವೆ ಇಟ್ಟು ಹೊರಟಿದ್ದೇ ಅವಳು ಆ ದಿನ ಮಾಡಿದ ತಪ್ಪು.

ಬೆಳಗ್ಗೆ ಹಿತವಾಗಿತ್ತು. ಸೆಳವು ಮೆಲ್ಲಗಿದ್ದದ್ದರಿಂದ ಮೇಲ್ಮುಖವಾಗಿ ಹೋಗಲೂ ಕಷ್ಟವಿರಲಿಲ್ಲ. ಬೆಳ್ಳಕ್ಕಿಗಳ ಸಾಲೊಂದು ತಲೆಯ ಮೇಲೆ ಹಾದುಹೋಯಿತು. ಮೇಷ್ಟ್ರು ಹಿಂದಿನ ಸೀಟಿನಿಂದ, "ಎಡ, ಬಲ, ಎಡ, ಬಲ" ಎಂದು ತರಗತಿ ನಡೆಸುತ್ತಿದ್ದರು. ಹೆಂಡತಿ ಬೇಕೆಂದೇ ತಿರುಗಾಮುರುಗಾ ಹಾಕುತ್ತಿದ್ದರು. ಅವರ ದೋಣಿ ಹಾವು ಹರಿದ ಹಾಗೆ ಹೋಗುತ್ತಿತ್ತು. ದೊಡ್ಡಮ್ಮನ ಮನೆ ಕಣ್ಣಿಗೆ ಬಿದ್ದಾಗ ಹುಟ್ಟಕ್ಕ ಎಲ್ಲರನ್ನೂ ಎದುರು ದಡದ ಪಕ್ಕಕ್ಕೆ ಕರೆದಳು. ದೂರದಿಂದಲೇ ತೋರಿಸಿ ಮುಂದೆ ಸಾಗುವುದು ಅವಳ ಲೆಕ್ಕಾಚಾರವಾಗಿತ್ತು.

ಅಷ್ಟರಲ್ಲಿ ನಡುನೀರಿನಲ್ಲಿ ಒಂದು ನೀರುನಾಯಿ ತಲೆ ಎತ್ತಿತು. ಬಾಯಲ್ಲಿ ಮೀನು. "ಅಲ್ನೋಡ್ರೀ!" ಎಂದು ಮೇಷ್ಟ್ರ ಹೆಂಡತಿ ಬಲಕ್ಕೆ ಬಾಗಿದರು. "ಎಲ್ಲೇ?" ಎಂದು ಮೇಷ್ಟ್ರೂ ಬಲಕ್ಕೇ ಬಾಗಿದರು. ಆ ದಿನ ಗಂಡ ಹೆಂಡತಿ ಒಂದೇ ಕಡೆ ವಾಲಿದ್ದು ಅದೊಂದೇ ಸಲ. ದೋಣಿ ಗುಳುಂ ಎಂದು ಮಗುಚಿತು.

"ಹೋದೆ! ನಾನು ಹೋದೆ!" ಮೇಷ್ಟ್ರು ಕೈಕಾಲು ಬಡಿಯುತ್ತಾ ಕೂಗಿದರು.

"ಎದ್ದು ನಿಂತ್ಕೊಳ್ಳಿ ಸಾರ್!" ಎಂದು ಹುಟ್ಟಕ್ಕ ತನ್ನ ದೋಣಿಯನ್ನು ತಿರುಗಿಸುತ್ತಾ ಕೂಗಿದಳು.

ಮೇಷ್ಟ್ರು ಎದ್ದು ನಿಂತರು. ನೀರು ಮೊಣಕಾಲಿಗಿಂತ ತುಸು ಮೇಲಕ್ಕಿತ್ತು. ಅವರ ಹೆಂಡತಿ ಆಗಲೇ ಎದ್ದು, ಮುಖದ ಮೇಲಿನ ಕೂದಲು ಸರಿಸಿ, ಗಂಡನ ಟೋಪಿ ಹಿಡಿದು ನಿಂತಿದ್ದರು. ಊಟದ ಚೀಲ ಮಾತ್ರ ಸೆಳವಿಗೆ ಸಿಕ್ಕಿ ಠೀವಿಯಿಂದ ಕೆಳಮುಖವಾಗಿ ಹೊರಟುಹೋಯಿತು. ಅಷ್ಟು ಹೊತ್ತೂ ಮಾತಾಡದ ಡಾಕ್ಟರು ಮೊದಲ ಬಾರಿಗೆ ಬಾಯಿಬಿಟ್ಟ: "ಊಟ ಹೋಯ್ತು."

ಗಾಳಿ ಬೀಸತೊಡಗಿತು. ಒದ್ದೆ ಬಟ್ಟೆಯಲ್ಲಿ ಇಬ್ಬರೂ ನಡುಗತೊಡಗಿದರು. ಈ ಕಡೆಯ ದಡವೆಲ್ಲ ಕಡಿದು, ಮುಳ್ಳುಪೊದೆ. ಹತ್ತಿರದಲ್ಲಿ ಇಳಿಯಲು ಇದ್ದದ್ದು ದೊಡ್ಡಮ್ಮನ ದಡವೊಂದೇ. ಹುಟ್ಟಕ್ಕ ಅಳುಕುತ್ತಲೇ ದೋಣಿಗಳನ್ನು ಅತ್ತ ತಿರುಗಿಸಿದಳು. ದಡದ ಮೇಲೆ ದೊಡ್ಡಮ್ಮ ಕುಡುಗೋಲು ಹಿಡಿದು ನಿಂತದ್ದು ಕಂಡು ಅವಳು ಹುಟ್ಟು ಹಾಕುವುದನ್ನು ನಿಧಾನ ಮಾಡಿದಳು. ಹತ್ತಿರ ಹೋಗಿ ನೋಡಿದರೆ ದೊಡ್ಡಮ್ಮನ ಭುಜ ಕುಲುಕುತ್ತಿತ್ತು. ಆಕೆ ನಗುತ್ತಿದ್ದಳು. ಕೊನೆಗೆ ನಿಂತು ನಗಲಾರದೆ ಜೊಂಡಿನ ರಾಶಿಯ ಮೇಲೆ ಕೂತೇಬಿಟ್ಟಳು.

"ಏಣಿ ಮೇಲಿಂದ ಎಲ್ಲಾ ನೋಡಿದೆ" ಎಂದಳು ಕಣ್ಣೊರೆಸಿಕೊಂಡು. "ನೀರುನಾಯಿನೂ ತಿರುಗಿ ತಿರುಗಿ ನೋಡ್ತಿತ್ತು. ಬನ್ನಿ ಬನ್ನಿ, ಗಾಳಿಗೆ ನಿಂತ್ರೆ ಜ್ವರ ಬರುತ್ತೆ."

ಒಲೆಯ ಮುಂದೆ ಕೂರಿಸಿ ಎಲ್ಲರಿಗೂ ಬಿಸಿ ಚಹಾ, ಬೇಯಿಸಿದ ಗೆಣಸು ಕೊಟ್ಟಳು. ಮೇಷ್ಟ್ರ ಹೆಂಡತಿಗೆ ತನ್ನ ಬಟ್ಟೆ ಕೊಟ್ಟಳು. ಮೇಷ್ಟ್ರಿಗೆ ಸಿಕ್ಕಿದ್ದು ಹಿಂದೊಮ್ಮೆ ಹುಟ್ಟಕ್ಕನೇ ತಂದುಕೊಟ್ಟಿದ್ದ ಹೋಟೆಲಿನ ಹಳೇ ಬೆಡ್‌ಶೀಟು. ಅದನ್ನು ಮೈಗೆ ಸುತ್ತಿಕೊಂಡು, ಎದೆಯ ಮೇಲೆ ಹೋಟೆಲಿನ ಮುದ್ರೆ ಕಾಣುವಂತೆ ಅವರು ಗಂಭೀರವಾಗಿ ಚಹಾ ಕುಡಿದರು.

ಬಟ್ಟೆ ಒಣಗಲು ಹೊತ್ತು ಬೇಕಿತ್ತು. ಬೇಕರಿ ಅಕ್ಕ ಮೆಲ್ಲಗೆ ಫೋನು ತೆಗೆದು, "ಅಮ್ಮಾ, ನಿಮ್ಮದೊಂದು ಫೋಟೋ..." ಎಂದಳು. ಹುಟ್ಟಕ್ಕ ಬೇಡವೆಂದು ಕಣ್ಸನ್ನೆ ಮಾಡಿದಳು.

"ಫೋಟೋ ಆಮೇಲೆ" ಎಂದಳು ದೊಡ್ಡಮ್ಮ. "ಗೆಣಸು ತಿಂದಾಯ್ತಾ? ಕೈ ಖಾಲಿ ಇದೆಯಲ್ಲಾ? ಅಲ್ಲಿ ಜೊಂಡು ಬಿದ್ದಿದೆ, ಇಲ್ಲಿ ಸೂರು ಬಾಯಿ ಬಿಟ್ಕೊಂಡಿದೆ. ಏಳಿ."

ಒಬ್ಬರ ಮುಖ ಒಬ್ಬರು ನೋಡಿದರು. ಮೊದಲು ಎದ್ದವನು ಡಾಕ್ಟರು.

ಜೊಂಡಿನ ಸೂರು ಹೊದಿಸುವುದು ಒಬ್ಬರ ಕೈಯಲ್ಲಾಗುವ ಕೆಲಸವಲ್ಲ. ದೊಡ್ಡಮ್ಮನ ಸೂರು ಇಷ್ಟು ದಿನ ಹಾಗೇ ನಿಂತಿದ್ದಕ್ಕೂ ಅದೇ ಕಾರಣ. ಜೊಂಡನ್ನು ಕಂತೆ ಮಾಡಿ ಸೂರಿನ ಕೆಳಗಿನ ಅಂಚಿನಿಂದ ಮೇಲಕ್ಕೆ ಸಾಲಾಗಿ ಒತ್ತಬೇಕು. ಏಣಿಯ ಮೇಲಿನವರು ಮೊಳದುದ್ದದ ಮರದ ದಬ್ಬಣಕ್ಕೆ ನಾರಿನ ಹುರಿ ಪೋಣಿಸಿ ಒಳಕ್ಕೆ ಚುಚ್ಚಬೇಕು. ಮನೆಯೊಳಗೆ ನಿಂತವರು ಅದನ್ನು ಹಿಡಿದು, ಗಳಕ್ಕೆ ಬಳಸಿ, ತಿರುಗಿ ಹೊರಕ್ಕೆ ಚುಚ್ಚಬೇಕು. ಬಟ್ಟೆ ಹೊಲಿದ ಹಾಗೇ. ಆದರೆ ಹೊಲಿಯುವ ಎರಡು ಕೈ ಇಬ್ಬರು ಬೇರೆ ಬೇರೆ ಮನುಷ್ಯರದು, ಒಬ್ಬರಿಗೊಬ್ಬರು ಕಾಣುವುದಿಲ್ಲ.

ಬೇಕರಿಯ ಅಕ್ಕತಂಗಿಯರು ಕಂತೆ ಕಟ್ಟಲು ಕೂತರು. ಬ್ರೆಡ್ಡು ಜೋಡಿಸಿದ ಅಭ್ಯಾಸದಿಂದ ತುದಿಗಳನ್ನು ತಟ್ಟಿ ತಟ್ಟಿ ಸಮ ಮಾಡಿ ಸಾಲಿಗಿಟ್ಟರು. ಡಾಕ್ಟರು ಹುರಿಯ ಗಂಟುಗಳನ್ನು ಎಷ್ಟು ಚೊಕ್ಕವಾಗಿ ಹಾಕಿದನೆಂದರೆ ದೊಡ್ಡಮ್ಮ ಅವನ ಬೆರಳು ಹಿಡಿದು ನೋಡಿ, "ನೀನು ಬಲೆ ನೇಯೋನೇನಪ್ಪಾ?" ಎಂದು ಕೇಳಿದಳು. ಅವನು ಕಿವಿಯವರೆಗೂ ಕೆಂಪಾದ. ಏಣಿ ಹತ್ತಿದ್ದು ಮೇಷ್ಟ್ರ ಹೆಂಡತಿ. ಒಳಗೆ ಬೆಡ್‌ಶೀಟಿನ ಮೇಷ್ಟ್ರು ತಲೆ ಮೇಲೆತ್ತಿಕೊಂಡು ನಿಂತರು.

"ಚುಚ್ಚಿದೆ, ತಗೊಳ್ರೀ!"

"ಎಲ್ಲಿ ಚುಚ್ಚಿದೆ? ಕಾಣ್ತಿಲ್ಲ!"

"ನಿಮ್ಮ ಮೂಗಿನ ಮುಂದೆ!"

"ಅಯ್ಯೋ, ಮೂಗಿಗೇ ಬಂತಲ್ಲೇ!"

ಹೊರಗಿದ್ದವರೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ದೊಡ್ಡಮ್ಮ ಕೈ ಎತ್ತಿ ನಿಲ್ಲಿಸಿದಳು. "ಹಂಗೆಲ್ಲಾ ಪುರಾಣ ಹೇಳ್ತಾ ಕೂತ್ರೆ ಮಳೆಗಾಲ ಬಂದುಬಿಡುತ್ತೆ. ನಮ್ಮಲ್ಲಿ ಅದಕ್ಕೆ ಎರಡೇ ಮಾತು. ಹೊರಗಿಂದ ಚುಚ್ಚಿದೋರು 'ತೇಯ್' ಅನ್ಬೇಕು. ಒಳಗೆ ಹಿಡ್ಕೊಂಡೋರು..."

"ಓಮೆ" ಎಂದಳು ಹುಟ್ಟಕ್ಕ.

ಅವಳು ಯೋಚಿಸಿ ಹೇಳಿದ್ದಲ್ಲ. ಬಾಯಿಂದ ತಾನಾಗಿ ಬಿತ್ತು. ಹಿಂದೆಯೇ ನೆನಪಿಗೆ ಬಂದದ್ದು ಒಳಗಿನ ಅರೆಗತ್ತಲು, ಹಸಿ ಜೊಂಡಿನ ವಾಸನೆ, ಸೂರಿನ ಸಂದಿಯಿಂದ ಇಣುಕಿದ ದಬ್ಬಣದ ಮೊನೆ, ಹೊರಗಿನಿಂದ ಅಮ್ಮನ ದನಿ. ಅಪ್ಪನ ಹೆಗಲ ಮೇಲೆ ಕೂತು ಆ ಮೊನೆಯನ್ನು ಹಿಡಿದು, ಪ್ರಪಂಚವನ್ನೇ ಗೆದ್ದವಳ ಹಾಗೆ "ಓಮೆ!" ಎಂದು ಕೂಗುತ್ತಿದ್ದ ಪುಟ್ಟ ಹುಡುಗಿ ಅವಳೇ.

ದೊಡ್ಡಮ್ಮ ತಿರುಗಿ ನೋಡಿದಳು. ಆಮೇಲೆ, ಅಷ್ಟೂ ಜನ ಪರಕೀಯರ ಎದುರಿಗೆ, ತಮ್ಮ ಭಾಷೆಯಲ್ಲಿ ಏನೋ ಕೇಳಿದಳು. ಉದ್ದದ ಮಾತು. ಹುಟ್ಟಕ್ಕನಿಗೆ ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. 'ನಿನಗೆ ನೆನಪಿದೆಯೇನೇ' ಎಂದಿರಬೇಕು. ಅವಳು ತಡವರಿಸಿ, ಮಗುವಿನ ಹಾಗೆ ಒಂದೊಂದೇ ಪದ ಹುಡುಕಿ ಉತ್ತರ ಕೊಟ್ಟಳು. ದೊಡ್ಡಮ್ಮ ಮತ್ತೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು.

"ಏನಂದ್ರು? ಏನಂದ್ರು?" ಬೇಕರಿ ತಂಗಿ ಕೇಳಿದಳು.

"ನೆನಪಿದೆ ಅನ್ನೋಕೆ ಹೋಗಿ 'ಕಚ್ತೀನಿ' ಅಂದ್ಲು ನಮ್ಮ ಮಗಳು" ಎಂದಳು ದೊಡ್ಡಮ್ಮ. ನಗುವಿನ ನಡುವೆ ಹುಟ್ಟಕ್ಕನ ಗಲ್ಲವನ್ನು ಜೊಂಡಿನ ಧೂಳಿನ ಕೈಯಲ್ಲೇ ಹಿಡಿದು ಅಲ್ಲಾಡಿಸಿದಳು. ಹುಟ್ಟಕ್ಕನೂ ನಕ್ಕಳು. ನಗುತ್ತಲೇ ಕಣ್ಣು ತುಂಬಿ ಬಂತು. ಧೂಳು ಬಿತ್ತು ಎಂದು ಯಾರೂ ಕೇಳದಿದ್ದರೂ ಹೇಳಿದಳು.

ಮಧ್ಯಾಹ್ನವೆಲ್ಲ ಆ ದಡದ ಮೇಲೆ "ತೇಯ್!", "ಓಮೆ!" ಕೇಳುತ್ತಲೇ ಇತ್ತು. ಒಂದು ದೋಣಿ ನೆಟ್ಟಗೆ ನಡೆಸಲಾರದ ಗಂಡ ಹೆಂಡತಿ ಒಬ್ಬರ ಮುಖ ಒಬ್ಬರಿಗೆ ಕಾಣದೆಯೇ ಸೂರಿನ ಒಂದು ಬದಿಯ ಅರ್ಧಕ್ಕೂ ಹೆಚ್ಚು ಹೊಲಿದುಬಿಟ್ಟರು. ಕೆಲಸದ ನಡುವೆ ದೊಡ್ಡಮ್ಮ ತಾನಾಗಿಯೇ ಮಾತಿಗಿಳಿದಳು. ಯಾವ ತಿರುವಿನ ಹೆಸರಿಗೆ ಏನರ್ಥ, ಯಾವ ಬಂಡೆಯ ಮೇಲೆ ತನ್ನ ಅಜ್ಜ ಬಟ್ಟೆ ಬಿಚ್ಚಿಟ್ಟು ಈಜಲು ಹೋಗಿ, ನೀರುನಾಯಿ ಅದನ್ನು ಎಳೆದುಕೊಂಡು ಹೋದದ್ದರಿಂದ ಕತ್ತಲಾಗುವವರೆಗೂ ನೀರಿನಲ್ಲೇ ಕೂತಿದ್ದ, ಎಲ್ಲ ಹೇಳಿದಳು. ಹುಟ್ಟಕ್ಕ ಕಂತೆ ಎತ್ತಿಕೊಡುತ್ತಾ ಒಂದೊಂದು ಮಾತನ್ನೂ ಕಿವಿಗೊಟ್ಟು ಕೇಳಿದಳು. ಹೊರಡುವ ಹೊತ್ತಿಗೆ ದೊಡ್ಡಮ್ಮನೇ ಬೇಕರಿ ಅಕ್ಕನನ್ನು ಕರೆದು, "ಈಗ ತೆಗಿ ಫೋಟೋ. ಸೂರು ಪೂರ್ತಿ ಬರ್ಬೇಕು" ಎಂದು ತಾಕೀತು ಮಾಡಿದಳು.

ಸಂಜೆ ಹೋಟೆಲಿನ ಕಟ್ಟೆಯ ಮೇಲೆ ಮ್ಯಾನೇಜರು ಅತ್ತಿತ್ತ ತಿರುಗುತ್ತಿದ್ದ. ಊಟದ ಚೀಲ ಮಧ್ಯಾಹ್ನವೇ ಒಂಟಿಯಾಗಿ ತೇಲಿಬಂದು ಅವನ ಜೀವ ಬಾಯಿಗೆ ತಂದಿತ್ತು. ದೋಣಿಯಿಂದ ಸಂಜೆಯ ಚಳಿಗೆ ತಮ್ಮ ಹೋಟೆಲಿನ ಬೆಡ್‌ಶೀಟು ಹೊದ್ದ ಮೇಷ್ಟ್ರು ಇಳಿದದ್ದು ಕಂಡು ಅವನು ಕೈಮುಗಿದುಕೊಂಡೇ ಓಡಿಬಂದ.

"ಸಾರ್, ಕ್ಷಮಿಸ್ಬೇಕು, ಇಂಥದ್ದು ಇನ್ಮೇಲೆ..."

"ಇನ್ಮೇಲೆ ಯಾವಾಗ ಹೇಳಿ" ಎಂದರು ಮೇಷ್ಟ್ರು. "ಆ ಕಡೆ ಸೂರು ಇನ್ನೂ ಬಾಕಿ ಇದೆ. ನಾವಿಬ್ರೂ ಬರ್ತೀವಿ."

ವಿಷಯ ಪೂರ್ತಿ ತಿಳಿದ ಮೇಲೆ ಮ್ಯಾನೇಜರು ಹುಟ್ಟಕ್ಕನನ್ನು ಪಕ್ಕಕ್ಕೆ ಕರೆದ. "ಪ್ರವಾಸಕ್ಕೆ ಬಂದೋರ ಕೈಲಿ ಕೂಲಿ ಮಾಡಿಸಿದ್ಯಾ?"

"ಮಾಡಿಸಿದ್ದು ನಾನಲ್ಲ ಸಾರ್, ನಮ್ಮ ದೊಡ್ಡಮ್ಮ. ಸಂಸ್ಕೃತಿ ನೋಡ್ಬೇಕು ಅಂತಿದ್ರಲ್ಲಾ, ನೀವೂ ಒಂದ್ಸಲ ಬನ್ನಿ."

ಅವನು ಬಂದ. ಮುಂದಿನ ತಂಡದ ಜೊತೆ ಟೋಪಿ, ಕಪ್ಪು ಕನ್ನಡಕ ಹಾಕಿಕೊಂಡು ಬಂದವನನ್ನು ದೊಡ್ಡಮ್ಮ ಮೇಲಿಂದ ಕೆಳಗೆ ನೋಡಿ, ನೇರ ಏಣಿ ಹತ್ತಿಸಿದಳು. ಶರತ್ತುಗಳನ್ನೂ ಅಲ್ಲೇ ಹೇಳಿದಳು. ಕೆಲಸವಿದ್ದ ದಿನ ಬರಬಹುದು, ಇಲ್ಲದ ದಿನ ತಾನು ಮಲಗಬೇಕು. ಬರುವವರು ತಮ್ಮ ಊಟ ತಾವೇ ತರಬೇಕು. ವೇಷ ಗೀಷ ನಡೆಯುವುದಿಲ್ಲ. ಮ್ಯಾನೇಜರು ಏಣಿಯನ್ನು ತಬ್ಬಿಕೊಂಡೇ ಎಲ್ಲದಕ್ಕೂ ಹೂಂ ಎಂದ. ಸುದ್ದಿ ಹಬ್ಬಿ ಪಕ್ಕದ ಮನೆಯ ಮುದುಕಪ್ಪನೂ, "ನನ್ನ ದೋಣಿಗೂ ಒಂದು ಕೈ ಡಾಂಬರು ಬಳೀಬೇಕು, ಒಂದು ತಂಡ ಈ ಕಡೆ ಕಳಿಸಮ್ಮಾ" ಎಂದು ಹುಟ್ಟಕ್ಕನಿಗೆ ದುಂಬಾಲು ಬಿದ್ದ.

ರಜೆಯ ದಿನಗಳಲ್ಲಿ ಹುಟ್ಟಕ್ಕ ಈಗ ಹೆಣ್ಣುಮಕ್ಕಳನ್ನು ಕರೆದುಕೊಂಡು ಮೇಲಿನ ದಡಕ್ಕೆ ಹೋಗುತ್ತಾಳೆ. ಮೊದಲ ಮಳೆ ಬಿದ್ದ ದಿನವೂ ಹೋದಳು. ಹೊಸ ಸೂರಿನ ಮೇಲೆ ಮಳೆ ಸಣ್ಣಗೆ ಪಿಸುಗುಡುತ್ತಿತ್ತು. ಒಳಗೆ ಒಲೆ ಉರಿಯುತ್ತಿತ್ತು, ನೆಲವೆಲ್ಲ ಒಣಗಿಕೊಂಡೇ ಇತ್ತು. ಒಂದು ಮೂಲೆಯಲ್ಲಿ ಮಾತ್ರ ತೊಟ್ ತೊಟ್ ಎಂದು ನೀರು ಬೀಳುತ್ತಿತ್ತು. ಅದರ ಕೆಳಗೆ ದೊಡ್ಡಮ್ಮ ಒಂದು ಪಾತ್ರೆ ಇಟ್ಟಿದ್ದಳು.

"ಏಣಿ ಕೊಡು ದೊಡ್ಡಮ್ಮಾ, ಮಳೆ ನಿಂತ ಮೇಲೆ ಒಂದು ಕಂತೆ ಸಿಗಿಸಿಬಿಡ್ತೀನಿ" ಎಂದಳು ಹುಟ್ಟಕ್ಕ, ತಮ್ಮ ಭಾಷೆಯಲ್ಲೇ. ಎರಡು ಕಡೆ ತಪ್ಪಾಯಿತು. ದೊಡ್ಡಮ್ಮ ತಿದ್ದಿದಳು.

"ಮುಟ್ಬೇಡ" ಎಂದಳು ಆಮೇಲೆ. "ಅದು ನಿನ್ನ ಮ್ಯಾನೇಜರ್ ಹೊಲಿದ ಜಾಗ. ಹಂಗೇ ಇರಲಿ. ಬಂದಾಗ ತೋರಿಸ್ಬೇಕು."

ಮಕ್ಕಳು ಕಿಲಕಿಲ ನಗುತ್ತಾ ಆ ಪಾತ್ರೆಯ ಸುತ್ತ ಕೂತರು. ದೊಡ್ಡಮ್ಮ ಒಲೆಗೆ ಇನ್ನೊಂದು ಸೌದೆ ತಳ್ಳಿ, ಮಳೆಗೆ ತಮ್ಮಲ್ಲಿ ಎಷ್ಟು ಬಗೆಯ ಹೆಸರುಗಳಿವೆ ಎಂದು ಹೇಳಲು ಶುರುಮಾಡಿದಳು.